ಕ್ಯಾಶ್ ಸರ್ವರಿಗೊಂದು ಎಚ್ಚರಿಕೆ ಗಂಟೆ

ಒಂದು ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ 60 ಗಣಕಗಳಿವೆ ಎಂದಿಟ್ಟುಕೊಳ್ಳಿ. ಎಲ್ಲದರಲ್ಲೂ ಉಬುಂಟು ಲಿನಕ್ಸ್ ಇದೆ. ಪ್ರತಿಯೊಂದಕ್ಕೂ 300 ಮೆಗಾಬೈಟ್‌ನಷ್ಟು ಪರಿಷ್ಕೃತ ಪ್ಯಾಕೇಜುಗಳು ಹೊರಗಿನಿಂದ ಬರಬೇಕಾಗಿದೆ. ಒಟ್ಟು 18,000 ಮೆಗಾಬೈಟ್, ಅಂದರೆ 1,44,000 ಮೆಗಾಬಿಟ್. ಕಾಲೇಜಿಗೆ ಸೆಕೆಂಡಿಗೆ 50 ಮೆಗಾಬಿಟ್ ಸಾಗಿಸುವ ಅಂತರಜಾಲ ಸಂಪರ್ಕವಿದ್ದರೆ ಇಷ್ಟನ್ನು ತರಲು 2,880 ಸೆಕೆಂಡು ಬೇಕು. ಎಂದರೆ 48 ನಿಮಿಷ, ಅದೂ ಕಚೇರಿ, ಗ್ರಂಥಾಲಯ, ಇತರ ವಿಭಾಗಗಳೆಲ್ಲ ಸುಮ್ಮನೆ ಕುಳಿತಿದ್ದರೆ. ಎರಡು ಗಂಟೆಯ ಪ್ರಾಯೋಗಿಕ ತರಗತಿಯಲ್ಲಿ 48 ನಿಮಿಷ ಹೀಗೆ ಹೋದರೆ ಉಳಿಯುವುದೆಷ್ಟು?

ಆದರೆ ಈ 60 ಗಣಕಗಳು ಕೇಳುತ್ತಿರುವುದು ಒಂದೇ ಕಡತಗಳನ್ನು. ಮೊದಲ ಗಣಕ ತರಿಸಿಕೊಂಡಾಗಲೇ ಅದರ ಒಂದು ಪ್ರತಿಯನ್ನು ಕಾಲೇಜಿನೊಳಗೇ ಇಟ್ಟುಕೊಂಡರೆ ಹೊರಗಿನ ಸಂಪರ್ಕದ ಮೇಲೆ ಬೀಳುವ ಹೊರೆ 300 ಮೆಗಾಬೈಟ್ ಮಾತ್ರ, 48 ಸೆಕೆಂಡಿನ ಕೆಲಸ. ಉಳಿದ 59 ಗಣಕಗಳಿಗೆ ಒಳಗಿನ ಜಾಲವೇ ಒದಗಿಸುತ್ತದೆ. ಹೀಗೆ ಪ್ರತಿ ಇಟ್ಟುಕೊಂಡು ಹಂಚುವ ಗಣಕವೇ ಕ್ಯಾಶ್ ಸರ್ವರ್. ಈ ಕ್ಯಾಶ್‌ಗೂ ಜೇಬಿನ ನಗದಿಗೂ ಸಂಬಂಧವಿಲ್ಲ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ಮಾತು ಇದು.

ಈ ಕೆಲಸಕ್ಕೆ ಬಹಳ ಹಿಂದಿನಿಂದ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಸ್ಕ್ವಿಡ್. ಹಾರ್ವೆಸ್ಟ್ ಎಂಬ ಯೋಜನೆಯ ಕವಲಾಗಿ 1996ರಲ್ಲಿ ಹೊರಬಂದದ್ದು. ಒಂದು ಕಾಲಕ್ಕೆ ಜಾಲಪುಟಗಳು, ಚಿತ್ರಗಳು ಎಲ್ಲವನ್ನೂ ಇದು ಸಂಗ್ರಹಿಸಿ ಕೊಡುತ್ತಿತ್ತು. ಈಗ ಹೆಚ್ಚಿನ ಪುಟಗಳು ಗೂಢಲಿಪಿಯಲ್ಲಿ ಬರುವುದರಿಂದ ನಡುವಿನ ಸರ್ವರಿಗೆ ಒಳಗೇನಿದೆ ಎಂಬುದು ಕಾಣುವುದಿಲ್ಲ. ಕಾಣದ್ದನ್ನು ಹಂಚಿಕೊಡಲೂ ಆಗದು. ಆದರೆ ಲಿನಕ್ಸ್ ಪ್ಯಾಕೇಜುಗಳ ಕತೆ ಬೇರೆ. ಅವುಗಳ ನೈಜತೆಯನ್ನು ಅಂಕೀಯ ಸಹಿಯಿಂದ ಪರೀಕ್ಷಿಸುವ ಏರ್ಪಾಡಿರುವುದರಿಂದ ಅವು ಇನ್ನೂ ತೆರೆದ ರೂಪದಲ್ಲಿ ಬರಬಲ್ಲವು. ಶಾಲಾ ಕಾಲೇಜುಗಳ ಪ್ರಯೋಗಾಲಯಗಳಿಗೆ ಕ್ಯಾಶ್ ಸರ್ವರ್ ಇವತ್ತಿಗೂ ಉಪಯುಕ್ತವಾಗಿರುವುದು ಇಲ್ಲಿ. ಸ್ಥಾಪಿಸುವವರಿಗೆ ಎರಡು ಕಿವಿಮಾತು: ಸ್ಕ್ವಿಡ್ ತಾನಾಗಿಯೇ 4 ಮೆಗಾಬೈಟ್‌ಗಿಂತ ದೊಡ್ಡ ಕಡತಗಳನ್ನು ತಟ್ಟೆಯಲ್ಲಿ ಉಳಿಸಿಕೊಳ್ಳುವುದಿಲ್ಲ, ಆ ಮಿತಿಯನ್ನು ಏರಿಸಬೇಕು. ಎರಡನೆಯದಾಗಿ, 60 ಗಣಕಗಳೂ ಒಂದೇ ಕ್ಷಣದಲ್ಲಿ ಕೇಳಿದರೆ ಯಾರಿಗೂ ಪ್ರತಿ ಸಿದ್ಧವಿರುವುದಿಲ್ಲ. ಒಂದು ಗಣಕ ಮೊದಲು ತರಿಸಿಕೊಳ್ಳಲಿ, ಉಳಿದವು ಆಮೇಲೆ.

ಇಷ್ಟಾದ ಮೇಲೆ ಬರುವ ಪ್ರಶ್ನೆ, ಈ ಸರ್ವರ್ ಕೆಟ್ಟರೆ ಗೊತ್ತಾಗುವುದು ಹೇಗೆ? "ಕೆಟ್ಟರೆ ಹುಡುಗರೇ ಬಂದು ಹೇಳುತ್ತಾರೆ" ಎಂಬ ಉತ್ತರ ಎಷ್ಟೋ ಕಡೆ ಕೇಳಿಬರುತ್ತದೆ. ಸರ್ವರ್ ಪೂರ್ತಿ ನಿಂತುಹೋದರೆ ಈ ಮಾತು ನಿಜ. ಆದರೆ ಬ್ರೌಸರುಗಳಿಗೆ ಸಾಮಾನ್ಯವಾಗಿ "ಪ್ರಾಕ್ಸಿಯನ್ನು ಕೇಳು, ಅದು ಸಿಗದಿದ್ದರೆ ನೇರವಾಗಿ ಹೋಗು" ಎಂದು ಹೇಳಿಕೊಟ್ಟಿರುತ್ತೇವೆ. ಆಗ ಕ್ಯಾಶ್ ಸತ್ತರೂ ಎಲ್ಲವೂ ನಡೆಯುತ್ತಿರುತ್ತದೆ, ನಿಧಾನವಾಗಿ. ಯಾರೂ ದೂರು ಕೊಡುವುದಿಲ್ಲ. "ಇವತ್ತು ನೆಟ್ ಸ್ಲೋ" ಎಂದು ಗೊಣಗಿ ಸುಮ್ಮನಾಗುತ್ತಾರೆ. ವಾರಗಟ್ಟಲೆ ಹೀಗೇ ಸಾಗಬಹುದು. ಸದ್ದುಮಾಡಿ ಕೆಡುವ ಯಂತ್ರಕ್ಕಿಂತ ಸದ್ದಿಲ್ಲದೆ ಕೆಡುವ ಯಂತ್ರಕ್ಕೆ ಎಚ್ಚರಿಕೆ ಗಂಟೆ ಹೆಚ್ಚು ಅಗತ್ಯ.

ಏನನ್ನು ಅಳೆಯಬೇಕು?

1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ಅಪಘಾತವಾಯಿತು. ಒತ್ತಡ ಇಳಿಸಲು ತೆರೆದುಕೊಂಡ ಒಂದು ಕವಾಟ ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತ್ತು, ತಂಪುಕಾರಕ ನೀರು ಹೊರಹೋಗುತ್ತಲೇ ಇತ್ತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಕವಾಟ ಮುಚ್ಚಿದೆ ಎಂಬಂತೆ ತೋರಿಸುತ್ತಿತ್ತು. ಕಾರಣ, ಆ ದೀಪಕ್ಕೆ ಜೋಡಣೆ ಇದ್ದದ್ದು ಕವಾಟದ ಸ್ಥಿತಿಗಲ್ಲ, "ಮುಚ್ಚು" ಎಂದು ಕಳಿಸಿದ ವಿದ್ಯುತ್ ಆಜ್ಞೆಗೆ! ಆಜ್ಞೆ ಹೋಗಿತ್ತು, ಕವಾಟ ಕೇಳಿರಲಿಲ್ಲ.

ಸರ್ವರಿನ ಮೇಲೆ ಕಣ್ಣಿಡುವವರು ಮಾಡುವ ಮೊದಲ ಏರ್ಪಾಡು ಹೆಚ್ಚುಕಡಿಮೆ ಇಂಥದೇ. "ಸ್ಕ್ವಿಡ್ ಪ್ರೋಗ್ರಾಮು ಓಡುತ್ತಿದೆಯೇ?" ಎಂದು ನಿಮಿಷಕ್ಕೊಮ್ಮೆ ಕೇಳುವುದು, ಅಥವಾ ಆ ಗಣಕಕ್ಕೆ ಪಿಂಗ್ ಕಳಿಸಿ ಮರುದನಿ ಬಂತೇ ಎಂದು ನೋಡುವುದು. ಪ್ರೋಗ್ರಾಮು ಓಡುತ್ತಿದ್ದರೂ ಯಾರಿಗೂ ಉತ್ತರಿಸದೆ ಕುಳಿತಿರಬಹುದು. ಇದಕ್ಕಿಂತ ಮೇಲಾದ ಕ್ರಮವೆಂದರೆ ಮೂರನೆಯ ಒಂದು ಗಣಕ ವಿದ್ಯಾರ್ಥಿಯಂತೆಯೇ ವರ್ತಿಸುವುದು: ನಿಮಿಷಕ್ಕೊಮ್ಮೆ ಪ್ರಾಕ್ಸಿಯ 3128ನೇ ಪೋರ್ಟ್ ಮೂಲಕ ಒಂದು ಗೊತ್ತಿರುವ ಚಿಕ್ಕ ಕಡತವನ್ನು ತರಿಸಿ, ಬಂದದ್ದು ಸರಿಯಾದ ಕಡತವೇ, ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಬರೆದಿಡಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಆ ಕಡತ ಕ್ಯಾಶ್‌ನಲ್ಲೇ ಕುಳಿತಿದ್ದರೆ ಹೊರಗಿನ ಸಂಪರ್ಕ ಕಡಿದುಹೋದರೂ ಪರೀಕ್ಷೆ ಪಾಸಾಗುತ್ತದೆ. ಆದ್ದರಿಂದ ಎರಡು ಪರೀಕ್ಷೆ ಬೇಕು, ಸಂಗ್ರಹದಲ್ಲಿರುವ ಕಡತಕ್ಕೊಂದು, ಪ್ರತಿಬಾರಿಯೂ ಹೊರಗಿನಿಂದಲೇ ತರಬೇಕೆಂದು ಒತ್ತಾಯಿಸುವ ಕೋರಿಕೆಗೊಂದು. ಜೊತೆಗೆ ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ತರಿಸುವ ಮೂರನೆಯದೂ ಇದ್ದರೆ ರೋಗ ಎಲ್ಲಿದೆ ಎಂಬುದನ್ನು ತರ್ಕದಿಂದಲೇ ಹೇಳಬಹುದು. ಮೊದಲನೆಯದು ಮಾತ್ರ ಪಾಸಾದರೆ ಸಂಪರ್ಕದ ದೋಷ. ಮೂರನೆಯದು ಮಾತ್ರ ಪಾಸಾದರೆ ಕ್ಯಾಶ್ ಸರ್ವರಿನ ದೋಷ. ಮೂರೂ ಬಿದ್ದರೆ? ಕಾಲೇಜಿನ ಒಳಜಾಲವನ್ನೋ, ಪರೀಕ್ಷಿಸುತ್ತಿರುವ ಗಣಕವನ್ನೋ ಮೊದಲು ಅನುಮಾನಿಸಬೇಕು.

ಇದು ಹೊರಗಿನ ನೋಟ. ಒಳಗಿನ ಸ್ಥಿತಿ ತಿಳಿಯಲು ಸ್ಕ್ವಿಡ್‌ನಲ್ಲೇ ಕ್ಯಾಶ್ ಮ್ಯಾನೇಜರ್ ಎಂಬ ಭಾಗವಿದೆ. ಕಳೆದ ಐದು ನಿಮಿಷದಲ್ಲಿ ಎಷ್ಟು ಕೋರಿಕೆ ಬಂತು, ಎಷ್ಟಕ್ಕೆ ಸಂಗ್ರಹದಿಂದಲೇ ಉತ್ತರ ಸಿಕ್ಕಿತು, ಎಷ್ಟು ಕಡತಗಳು ಏಕಕಾಲಕ್ಕೆ ತೆರೆದಿವೆ ಎಂಬುದನ್ನೆಲ್ಲ ಅದು ಹೇಳುತ್ತದೆ. ಜಾಲದ ಯಂತ್ರಗಳಿಂದ ಇಂಥ ಅಂಕಿಗಳನ್ನು ಪಡೆಯಲು ಎಸ್‌ಎನ್‌ಎಂಪಿ ಎಂಬ ಸಾಮಾನ್ಯ ಒಡಂಬಡಿಕೆ 1988ರಿಂದ ಜಾರಿಯಲ್ಲಿದೆ. ಅದರಲ್ಲಿ ಎರಡು ವಿಧ. ನಾವೇ ಆಗಾಗ ಹೋಗಿ ಕೇಳುವುದು ಒಂದು. ಕೆಟ್ಟದ್ದು ಕಂಡಾಗ ಯಂತ್ರವೇ ಕೂಗಿ ಹೇಳುವುದು ಇನ್ನೊಂದು. ಎರಡನೆಯದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಪ್ರಜ್ಞೆ ತಪ್ಪಿದವನು ಕೂಗಿ ಹೇಳಲಾರ. ಹಾಗಾಗಿ ಹೋಗಿ ಕೇಳುವ ಕ್ರಮವನ್ನು ಬಿಡುವಂತಿಲ್ಲ.

ಬೇರೆ ಸರ್ವರುಗಳಿಗೆ ಒಪ್ಪುವ ನಿಯಮಗಳನ್ನು ಕ್ಯಾಶ್‌ಗೆ ಹಾಗೆಯೇ ಹಚ್ಚಿದರೆ ಎಡವಟ್ಟಾಗುತ್ತದೆ. "ತಟ್ಟೆ ಶೇ. 90 ತುಂಬಿದರೆ ಗಂಟೆ ಬಾರಿಸು" ಎಂಬುದು ಎಲ್ಲರೂ ಬರೆಯುವ ನಿಯಮ. ಆದರೆ ಕ್ಯಾಶ್ ಇರುವುದೇ ತುಂಬಿರಲೆಂದು! ತನಗೆ ಕೊಟ್ಟ ಜಾಗದ ಶೇ. 90 ದಾಟಿದಾಗ ಸ್ಕ್ವಿಡ್ ಹಳೆಯ ಕಡತಗಳನ್ನು ಹೊರಹಾಕಲು ತೊಡಗುತ್ತದೆ, ಶೇ. 95 ಸಮೀಪಿಸಿದಂತೆ ಹೊರಹಾಕುವ ರಭಸ ಹೆಚ್ಚುತ್ತದೆ. ಆರೋಗ್ಯವಂತ ಕ್ಯಾಶ್ ವರ್ಷವಿಡೀ ಈ ಮಟ್ಟದ ಆಸುಪಾಸಿನಲ್ಲೇ ಇರುತ್ತದೆ. ಗಮನಿಸಬೇಕಾದದ್ದು ಸ್ಕ್ವಿಡ್‌ಗೆ ಬಿಟ್ಟುಕೊಟ್ಟ ಪಾಲಿನ ಹೊರಗೆ ಉಳಿದ ಜಾಗವನ್ನು. ಲಾಗ್ ಕಡತಗಳು ಬೆಳೆಯುವುದು ಅಲ್ಲಿ, ಅದು ತುಂಬಿದರೆ ನಿಜವಾದ ತೊಂದರೆ. ಹಾಗೆಯೇ ಸ್ಮೃತಿ: 64 ಬಿಟ್ ಯಂತ್ರಗಳಲ್ಲಿ ತಟ್ಟೆಯ ಪ್ರತಿ ಗಿಗಾಬೈಟ್ ಸಂಗ್ರಹದ ಸೂಚಿಗೆ ಸುಮಾರು 14 ಮೆಗಾಬೈಟ್ ಸ್ಮೃತಿ ಬೇಕೆಂಬುದು ಸ್ಕ್ವಿಡ್ ಬಳಸುವವರ ಅಂದಾಜು. 200 ಗಿಗಾಬೈಟ್ ಸಂಗ್ರಹಕ್ಕೆ 2.8 ಗಿಗಾಬೈಟ್. ಅಷ್ಟಿಲ್ಲದೆ ಸ್ಮೃತಿಯ ವಿಷಯವನ್ನು ತಟ್ಟೆಗೆ ಎತ್ತಿಹಾಕಲು ಶುರುವಾಯಿತೋ, ನ್ಯಾನೊಸೆಕೆಂಡುಗಳ ಕೆಲಸ ಮಿಲಿಸೆಕೆಂಡುಗಳಿಗೆ ಇಳಿಯಿತೆಂದೇ ಅರ್ಥ.

ಹೊಸ್ತಿಲು ಎಲ್ಲಿರಬೇಕು?

ಭೌತವಿಜ್ಞಾನ, ಸಂಖ್ಯಾಶಾಸ್ತ್ರ ಓದುವವರಿಗೆ ಸ್ವಾರಸ್ಯವಿರುವುದು ಇಲ್ಲಿಂದ ಮುಂದೆ. ಕೋರಿಕೆಗಳಲ್ಲಿ ಶೇ. 40ಕ್ಕೆ ಸಂಗ್ರಹದಿಂದ ಉತ್ತರ ಸಿಗುವುದು ನಮ್ಮ ಸರ್ವರಿನ ವಾಡಿಕೆ ಎನ್ನೋಣ. ಇದನ್ನು ದೊರಕು ಪ್ರಮಾಣ ಎಂದು ಕರೆಯುತ್ತೇನೆ. ಇದು ಕುಸಿದರೆ ಏನೋ ಕೆಟ್ಟಿದೆ ಎಂದರ್ಥ. ಎಷ್ಟು ಕುಸಿದರೆ?

ತರಗತಿ ನಡೆಯುವ ಹೊತ್ತಿನಲ್ಲಿ ಐದು ನಿಮಿಷಕ್ಕೆ 600 ಕೋರಿಕೆ ಬರುತ್ತವೆ ಎನ್ನಿ. ಪ್ರತಿ ಕೋರಿಕೆಯನ್ನೂ ನಾಣ್ಯ ಚಿಮ್ಮಿದಂತೆ ಸ್ವತಂತ್ರವೆಂದು ಭಾವಿಸಿದರೆ ದೊರಕು ಪ್ರಮಾಣದ ಮಾನಕ ವಿಚಲನೆ √(0.4 × 0.6 ÷ 600) = 0.02, ಅಂದರೆ ಶೇ. 2. ಮೂರು ಮಾನಕ ವಿಚಲನೆ ಕೆಳಗೆ, ಶೇ. 34ರಲ್ಲಿ, ಹೊಸ್ತಿಲು ಇಡೋಣ. ಎಲ್ಲವೂ ಸರಿಯಿದ್ದಾಗಲೂ ಬರಿಯ ಆಕಸ್ಮಿಕದಿಂದ ಇದಕ್ಕಿಂತ ಕೆಳಗೆ ಬೀಳುವ ಸಂಭವನೀಯತೆ ಸುಮಾರು 0.00135. ತೀರ ಸಣ್ಣ ಸಂಖ್ಯೆಯೆಂದು ತೋರುತ್ತದಲ್ಲವೇ? ಆದರೆ ಐದು ನಿಮಿಷಕ್ಕೊಮ್ಮೆ ನೋಡಿದರೆ ದಿನಕ್ಕೆ 288 ಸಲ ನೋಡಿದಂತಾಯಿತು. 288ನ್ನು 0.00135ರಿಂದ ಗುಣಿಸಿ: 0.39. ಎರಡೂವರೆ ದಿನಕ್ಕೊಂದು ಹುಸಿ ಎಚ್ಚರಿಕೆ! ಹತ್ತು ಬೇರೆ ಬೇರೆ ಅಳತೆಗಳಿಗೆ ಇದೇ ರೀತಿ ಹೊಸ್ತಿಲು ಇಟ್ಟರೆ ದಿನಕ್ಕೆ ನಾಲ್ಕು.

ರಾತ್ರಿಯ ಹೊತ್ತು ಇನ್ನೂ ವಿಚಿತ್ರ. ಐದು ನಿಮಿಷದಲ್ಲಿ ಬರುವುದು ಆರೇ ಕೋರಿಕೆ ಎಂದುಕೊಳ್ಳಿ. ಅವುಗಳಲ್ಲಿ ಎರಡು ಸಂಗ್ರಹದಲ್ಲಿ ಸಿಕ್ಕರೂ ಪ್ರಮಾಣ ಶೇ. 33, ಗಂಟೆ ಬಾರಿಸುತ್ತದೆ. ಆರರಲ್ಲಿ ಎರಡು ಅಥವಾ ಅದಕ್ಕೂ ಕಡಿಮೆ ಸಿಗುವ ಸಂಭವನೀಯತೆಯನ್ನು ದ್ವಿಪದ ವಿತರಣೆಯಿಂದ ಲೆಕ್ಕ ಹಾಕಿದರೆ 0.54 ಬರುತ್ತದೆ. ಎಂದರೆ ರಾತ್ರಿಯಿಡೀ ಅರ್ಧಕ್ಕಿಂತ ಹೆಚ್ಚು ಸಲ ಹುಸಿ ಗಂಟೆ. ಆದ್ದರಿಂದ "ಕನಿಷ್ಠ ಇನ್ನೂರು ಕೋರಿಕೆಗಳಾದರೂ ಬಂದಿದ್ದರೆ ಮಾತ್ರ ಪ್ರಮಾಣವನ್ನು ನೋಡು" ಎಂಬಂಥ ಷರತ್ತು ಸೇರಿಸಲೇಬೇಕು. ವಾಸ್ತವದಲ್ಲಿ ಕೋರಿಕೆಗಳು ಒಂದರಿಂದೊಂದು ಸ್ವತಂತ್ರವೂ ಅಲ್ಲ. ಒಬ್ಬ ವಿದ್ಯಾರ್ಥಿ ಹೊಸ ತಂತ್ರಾಂಶವೊಂದನ್ನು ಇಳಿಸಿಕೊಳ್ಳಲು ಹೊರಟರೆ ನೂರು "ದೊರಕಲಿಲ್ಲ"ಗಳು ಸಾಲಾಗಿ ಬರುತ್ತವೆ. ಹೀಗಾಗಿ ನಿಜವಾದ ಏರಿಳಿತ ಸೂತ್ರ ಹೇಳುವುದಕ್ಕಿಂತ ಹೆಚ್ಚೇ ಇರುತ್ತದೆ. ಒಂದು ತಿಂಗಳ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ನೋಡಿ, ಆಮೇಲೆ ಹೊಸ್ತಿಲು ನಿರ್ಧರಿಸುವುದು ಲೇಸು.

ಹುಸಿ ಎಚ್ಚರಿಕೆಯಿಂದ ಏನು ನಷ್ಟ, ಒಮ್ಮೆ ಎದ್ದು ನೋಡಿದರಾಯಿತು ಎಂದು ಕೇಳುವವರಿದ್ದಾರೆ. ಇನ್ನೊಂದು ಲೆಕ್ಕ ನೋಡಿ. ಸಾವಿರ ಪರೀಕ್ಷೆಗಳಲ್ಲಿ ಒಮ್ಮೆ ಮಾತ್ರ ನಿಜವಾದ ದೋಷವಿರುತ್ತದೆ. ನಮ್ಮ ಎಚ್ಚರಿಕೆ ವ್ಯವಸ್ಥೆ ದೋಷವಿದ್ದಾಗ 100ಕ್ಕೆ 99 ಸಲ ಹಿಡಿಯುತ್ತದೆ, ದೋಷವಿಲ್ಲದಾಗ 100ಕ್ಕೆ ಒಂದೇ ಸಲ ತಪ್ಪಾಗಿ ಬಾರಿಸುತ್ತದೆ. ಬಹಳ ಒಳ್ಳೆಯ ವ್ಯವಸ್ಥೆಯೇ ಸರಿ. ಆದರೂ ಸಾವಿರದಲ್ಲಿ ನಿಜವಾದ ಗಂಟೆ ಒಂದು, ಹುಸಿ ಗಂಟೆ ಸುಮಾರು ಹತ್ತು. ಬಾರಿಸಿದ ಹನ್ನೊಂದರಲ್ಲಿ ಹತ್ತು ಸುಳ್ಳು! ಬೇಯ್ಸ್ ಪ್ರಮೇಯದ ಈ ಫಲಿತಾಂಶ ವೈದ್ಯಕೀಯ ತಪಾಸಣೆಗಳಿಗೂ ಅನ್ವಯಿಸುತ್ತದೆ. "ತೋಳ ಬಂತು ತೋಳ" ಎಂದು ಕೂಗಿದ ಕುರಿಕಾಯುವ ಹುಡುಗನ ಕತೆ ಎಲ್ಲರಿಗೂ ಗೊತ್ತು. ಅಲ್ಲಿ ಹುಡುಗ ಬೇಕೆಂದೇ ಸುಳ್ಳು ಹೇಳಿದ್ದ. ಇಲ್ಲಿ ಯಂತ್ರ ಪ್ರಾಮಾಣಿಕವಾಗಿದ್ದರೂ ಊರವರು ಬರುವುದನ್ನು ನಿಲ್ಲಿಸುತ್ತಾರೆ. ಒಂದು ಸಂಸ್ಥೆಯಲ್ಲಿ ಯುಪಿಎಸ್‌ನ ಬಜರಿನ ಬಾಯಿಗೆ ಹತ್ತಿ ತುರುಕಿ, ಮೇಲೆ ಪಟ್ಟಿ ಅಂಟಿಸಿದ್ದನ್ನು ನಾನೇ ಕಂಡಿದ್ದೇನೆ.

ಹುಸಿ ಎಚ್ಚರಿಕೆ ತಗ್ಗಿಸುವ ಒಂದು ಉಪಾಯ, ಸತತ ಮೂರು ಸಲ ಹೊಸ್ತಿಲು ದಾಟಿದರೆ ಮಾತ್ರ ಬಾರಿಸುವುದು. ಏರಿಳಿತಗಳು ಸ್ವತಂತ್ರವಾಗಿದ್ದರೆ 0.00135ರ ಘನ, ನೂರು ಕೋಟಿಗೆ ಎರಡು ಮೂರರಷ್ಟು ಮಾತ್ರ. ಇದಕ್ಕೆ ತೆರುವ ಬೆಲೆ ಹತ್ತು ನಿಮಿಷಗಳ ತಡ. ದೊರಕು ಪ್ರಮಾಣದ ವಿಷಯದಲ್ಲಿ ಈ ತಡ ಚಿಂತೆಯಿಲ್ಲ. ಸರ್ವರ್ ಕೋಣೆಯ ಹವಾನಿಯಂತ್ರಕ ನಿಂತು ಉಷ್ಣತೆ ಏರುತ್ತಿರುವಾಗ ಹತ್ತು ನಿಮಿಷ ಕಾಯುವುದು ಬೇರೆ ಮಾತು. ಎಲ್ಲ ಅಳತೆಗಳಿಗೂ ಒಂದೇ ನಿಯಮ ಬರೆಯುವವರು ಇದನ್ನು ಯೋಚಿಸಿರುವುದಿಲ್ಲ.

ಇನ್ನು ಹೊಸ್ತಿಲ ಮೇಲೆಯೇ ತೂಗಾಡುವ ಸಮಸ್ಯೆ. ಕೋಣೆಯ ಉಷ್ಣತೆ 35 ಡಿಗ್ರಿಯ ಆಚೀಚೆ ಕಾಲು ಡಿಗ್ರಿ ಓಲಾಡುತ್ತಿದ್ದರೆ "ಅಪಾಯ", "ಸರಿಹೋಯಿತು", "ಅಪಾಯ", "ಸರಿಹೋಯಿತು" ಎಂಬ ಎಸ್‌ಎಂಎಸ್‌ಗಳ ಸುರಿಮಳೆ. ಪರಿಹಾರ ನಿಮ್ಮ ಮನೆಯ ಮೇಲಿನ ನೀರಿನ ತೊಟ್ಟಿಯ ಸ್ವಯಂಚಾಲಿತ ಪಂಪಿನಲ್ಲೇ ಇದೆ: ನೀರು ತಳಮಟ್ಟಕ್ಕೆ ಇಳಿದಾಗ ಪಂಪು ಓಡುತ್ತದೆ, ಅಂಚಿಗೆ ಬಂದಾಗ ನಿಲ್ಲುತ್ತದೆ, ನಡುವೆ ಇದ್ದ ಸ್ಥಿತಿಯೇ ಮುಂದುವರಿಯುತ್ತದೆ. ಕಾಂತತ್ವದ ಪಾಠದಲ್ಲಿ ಬರುವ ಹಿಸ್ಟರಿಸಿಸ್ ಇದೇ. ಎಚ್ಚರಿಕೆ 35ರಲ್ಲಿ ಶುರುವಾಗಲಿ, 30ಕ್ಕೆ ಇಳಿದ ಮೇಲಷ್ಟೇ ನಿಲ್ಲಲಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಈ ಕೆಲಸ ಮಾಡುವ ಮಂಡಲಕ್ಕೆ ಶ್ಮಿಟ್ ಟ್ರಿಗರ್ ಎಂದು ಹೆಸರು. ಆಟೊ ಶ್ಮಿಟ್ ಎಂಬ ಅಮೆರಿಕದ ಸಂಶೋಧನ ವಿದ್ಯಾರ್ಥಿ 1934ರಲ್ಲಿ ಇದನ್ನು ರೂಪಿಸಿದ್ದು ಸ್ಕ್ವಿಡ್ ಎಂಬ ಕಡಲಜೀವಿಯ ನರಗಳಲ್ಲಿ ಸಂಕೇತ ಹರಿಯುವ ಬಗೆಯನ್ನು ಅಭ್ಯಸಿಸುತ್ತಿದ್ದಾಗ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವುದು ಇದನ್ನೇ. ನಮ್ಮ ತಂತ್ರಾಂಶದ ಹೆಸರೂ ಅದೇ ಆಗಿರುವುದು ಕೇವಲ ಕಾಕತಾಳೀಯ, ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ಉತ್ತರಿಸಲು ಹಿಡಿಯುವ ಕಾಲಕ್ಕೆ ಹೊಸ್ತಿಲನ್ನು ಸರತಿ ಸಿದ್ಧಾಂತವೇ ಸೂಚಿಸುತ್ತದೆ. ಕೋರಿಕೆಗಳು ಯಾದೃಚ್ಛಿಕವಾಗಿ ಬರುತ್ತಿದ್ದರೆ, ಅತಿ ಸರಳ ಮಾದರಿಯಲ್ಲಿ, ಸರಾಸರಿ ಕಾಲ = ಸೇವೆಯ ಕಾಲ ÷ (1 − ತಟ್ಟೆ ಕಾರ್ಯನಿರತವಾಗಿರುವ ಭಾಗ). ತಟ್ಟೆಯಿಂದ ಒಮ್ಮೆ ಓದಲು 10 ಮಿಲಿಸೆಕೆಂಡ್ ಬೇಕಾದರೆ, ತಟ್ಟೆ ಅರ್ಧ ಹೊತ್ತು ಕಾರ್ಯನಿರತವಾಗಿದ್ದಾಗ 20, ಶೇ. 80ರಲ್ಲಿ 50, ಶೇ. 90ರಲ್ಲಿ 100, ಶೇ. 95ರಲ್ಲಿ 200 ಮಿಲಿಸೆಕೆಂಡ್. ಬಳಕೆದಾರರಿಗೆ ಶೇ. 80ರ ತನಕ ಏನೂ ಗೊತ್ತಾಗುವುದಿಲ್ಲ, ಅಲ್ಲಿಂದ ಮುಂದೆ ವಕ್ರರೇಖೆ ಗೋಡೆಯಂತೆ ಏರುತ್ತದೆ. ಗಂಟೆ ಬಾರಿಸಬೇಕಾದದ್ದು ಗೋಡೆಗೆ ಮುಂಚೆ.

ಯಾರಿಗೆ, ಯಾವ ದಾರಿಯಲ್ಲಿ?

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಕಡಿತವಾಯಿತು. ಒಹಾಯೊದ ಫಸ್ಟ್‌ಎನರ್ಜಿ ಕಂಪೆನಿಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ನೀಡುವ ತಂತ್ರಾಂಶವೇ ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೆ ಸ್ತಬ್ಧವಾಗಿತ್ತು. ಸ್ತಬ್ಧವಾದದ್ದನ್ನು ಹೇಳಲು ಇನ್ನೊಂದು ಗಂಟೆ ಇರಲಿಲ್ಲ. ಗಂಟೆ ಬಾರಿಸದಿದ್ದುದರಿಂದ ಎಲ್ಲವೂ ಸರಿಯಿದೆಯೆಂದು ನಿರ್ವಾಹಕರು ತಿಳಿದಿದ್ದರು. ಮೂರು ಗಂಟೆಯ ನಂತರ ಒಂದೊಂದಾಗಿ ತಂತಿಮಾರ್ಗಗಳು ಕಡಿದುಹೋದವು. ಆ ತಂತ್ರಾಂಶವಿದ್ದ ಸರ್ವರ್ ನಿಂತಾಗ ಗಣಕ ವಿಭಾಗದವರಿಗೆ ಪೇಜರ್ ಮೂಲಕ ಸಂದೇಶವೇನೋ ಹೋಗಿತ್ತು. ಅವರು ಸರ್ವರನ್ನು ಮತ್ತೆ ಚಾಲೂ ಮಾಡಿದರೇ ಹೊರತು ನಿರ್ವಾಹಕರಿಗೆ ತಿಳಿಸಲಿಲ್ಲ.

ಕಾಲೇಜಿನ ಚಿಕ್ಕ ಏರ್ಪಾಡಿಗೂ ಇಲ್ಲಿ ಪಾಠಗಳಿವೆ. ಕಾವಲು ಗಣಕ ಕ್ಯಾಶ್ ಸರ್ವರಿನೊಳಗೇ ಇರಬಾರದು, ಪ್ರತ್ಯೇಕ ಯಂತ್ರವಾಗಿರಬೇಕು. ಹಳೆಯ ಗಣಕವಾದರೂ ಸಾಕು. ಕಾವಲುಗಾರ ಬದುಕಿದ್ದಾನೆ ಎಂಬುದಕ್ಕೆ ದಿನಕ್ಕೊಮ್ಮೆ, ಬೆಳಗ್ಗೆ 9ಕ್ಕೆ ಎನ್ನಿ, "ಎಲ್ಲ ಸರಿ" ಎಂಬ ಸಂದೇಶ ಬರುತ್ತಿರಬೇಕು. ಅದು ಬಾರದಿರುವುದೇ ಎಚ್ಚರಿಕೆ. ಅಂತರಜಾಲ ಸಂಪರ್ಕ ಕಡಿದಿದೆ ಎಂಬ ಸುದ್ದಿಯನ್ನು ಅದೇ ಸಂಪರ್ಕದ ಮೇಲೆ ಇಮೇಲ್ ಮಾಡುವುದು ನಗೆಪಾಟಲು, ಆದರೆ ಅಪರೂಪವೇನಲ್ಲ. ಸಿಮ್ ಹಾಕಿದ ಒಂದು ಮೋಡೆಮ್‌ನಿಂದ ಎಸ್‌ಎಂಎಸ್ ಕಳಿಸಿದರೆ ದಾರಿ ಬೇರೆಯಾಗುತ್ತದೆ. ಕರೆಂಟು ಹೋದಾಗ ಸರ್ವರ್ ಯುಪಿಎಸ್ ಮೇಲೆ ಓಡುತ್ತಿದ್ದು, ನಡುವಿನ ಸ್ವಿಚ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿದ್ದರೂ ಸುದ್ದಿ ಹೊರಡುವುದಿಲ್ಲ. ಸಂದೇಶ ಯಾರಿಗೆ ಎಂಬುದನ್ನೂ ಹೆಸರು ಹಿಡಿದು ಬರೆದಿಡಬೇಕು. "ಎಲ್ಲರಿಗೂ" ಎಂದು ಕಳಿಸಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆಂದುಕೊಳ್ಳುತ್ತಾರೆ. ಆ ಸಂದೇಶದಲ್ಲಿ "ದೋಷ" ಎಂದಷ್ಟೇ ಇರದೆ ಯಾವ ಅಳತೆ, ಈಗೆಷ್ಟು, ವಾಡಿಕೆಯಲ್ಲಿ ಎಷ್ಟು, ಮೊದಲು ಏನು ನೋಡಬೇಕು ಎಂಬುದಿರಲಿ.

ಮೊದಲೇ ಹೇಳಿದ ತ್ರೀ ಮೈಲ್ ಐಲೆಂಡಿನಲ್ಲಿ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಮೊಳಗಿ, ಯಾವುದು ಮುಖ್ಯವೆಂದು ತಿಳಿಯದೇ ಹೋಗಿತ್ತು. ಸಂಪರ್ಕ ಕಡಿದಾಗ ಅದರಿಂದ ಹುಟ್ಟುವ ಇಪ್ಪತ್ತು ಎಚ್ಚರಿಕೆಗಳನ್ನು ತಡೆದು ಮೂಲದ್ದನ್ನು ಮಾತ್ರ ಕಳಿಸುವಂತೆ ಬರೆಯುವುದು ಇದಕ್ಕಾಗಿ.

ತಟ್ಟೆಗಳ ವಿಷಯಕ್ಕೆ ಒಂದು ಮಾತು. ಹಾರ್ಡ್ ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ವರದಿ ಮಾಡುವ ಸ್ಮಾರ್ಟ್ ಎಂಬ ಸೌಲಭ್ಯವಿದೆ. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ಓದುವಲ್ಲಿ ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವುಗಳಿಗಿಂತ 39 ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು. ಆದರೆ ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕುಗಳು ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು. ಸೂಚನೆ ಕಂಡರೆ ಡಿಸ್ಕ್ ಬದಲಿಸಿ; ಕಾಣದಿದ್ದರೆ ನೆಮ್ಮದಿಯಿಂದಿರಬಹುದು ಎಂದೇನೂ ಅಲ್ಲ.

ಕೊನೆಗೆ ಪದವಿ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದಾದ ಉಷ್ಣತಾ ಎಚ್ಚರಿಕೆ ಮಂಡಲ. 25 ಡಿಗ್ರಿಯಲ್ಲಿ 10 ಕಿಲೊಓಮ್ ರೋಧವುಳ್ಳ, ಬೀಟಾ ಮೌಲ್ಯ 3950 ಇರುವ ಥರ್ಮಿಸ್ಟರನ್ನು 10 ಕಿಲೊಓಮ್ ರೋಧಕದ ಜೊತೆ ಶ್ರೇಣಿಯಲ್ಲಿ 5 ವೋಲ್ಟಿಗೆ ಜೋಡಿಸಿ, ಥರ್ಮಿಸ್ಟರ್ ಭೂಮಿಯ ಕಡೆಗಿರಲಿ. ಸೂತ್ರದ ಪ್ರಕಾರ ಅದರ ರೋಧ 30 ಡಿಗ್ರಿಯಲ್ಲಿ ಸುಮಾರು 8.0, 35 ಡಿಗ್ರಿಯಲ್ಲಿ 6.5 ಕಿಲೊಓಮ್. ನಡುಬಿಂದುವಿನ ವೋಲ್ಟೇಜ್ ಕ್ರಮವಾಗಿ 2.23 ಮತ್ತು 1.97. ಇದನ್ನು ಎಲ್‌ಎಂ393 ತುಲನಕಾರಿಯ ಋಣ ಒಳತುದಿಗೆ ಕೊಡಿ. 1 ಕಿಲೊಓಮ್ ಪ್ರಿಸೆಟ್‌ನಿಂದ ಪಡೆದ 2.08 ವೋಲ್ಟನ್ನು 10 ಕಿಲೊಓಮ್ ಮೂಲಕ ಧನ ಒಳತುದಿಗೆ ಕೊಟ್ಟು, ಹೊರತುದಿಯಿಂದ ಅದೇ ಧನ ಒಳತುದಿಗೆ 180 ಕಿಲೊಓಮ್ ಹಾಕಿ. ಹೊರತುದಿಗೆ 4.7 ಕಿಲೊಓಮ್ ಮೂಲಕ 5 ವೋಲ್ಟ್ ಕೊಡುವುದನ್ನು ಮರೆಯಬೇಡಿ, ಈ ಐಸಿ ತಾನಾಗಿ ಮೇಲಕ್ಕೇರುವುದಿಲ್ಲ. ಈಗ ಎರಡು ಹೊಸ್ತಿಲುಗಳ ಅಂತರ 5 × 10 ÷ 190, ಸುಮಾರು 0.26 ವೋಲ್ಟ್, ನಮಗೆ ಬೇಕಾದ ಐದು ಡಿಗ್ರಿಯೂ ಅಷ್ಟೇ. ಹೊರತುದಿಗೆ ಒಂದು ಟ್ರಾನ್ಸಿಸ್ಟರ್ ಮತ್ತು ಬಜರ್ ಸೇರಿಸಿ. ಥರ್ಮಿಸ್ಟರನ್ನೂ ಪ್ರಯೋಗಾಲಯದ ಉಷ್ಣತಾಮಾಪಕವನ್ನೂ ಒಟ್ಟಿಗೆ ಕಟ್ಟಿ, ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಬಿಸಿನೀರಿನ ಬೀಕರಿನಲ್ಲಿ ಇಳಿಬಿಡಿ. ಬಜರ್ ಶುರುವಾದ ಮತ್ತು ನಿಂತ ಉಷ್ಣತೆಗಳನ್ನು ಐದು ಸಲ ಬರೆದುಕೊಂಡು, ಲೆಕ್ಕದ 35 ಮತ್ತು 30ರೊಂದಿಗೆ ಹೋಲಿಸಿ. ವ್ಯತ್ಯಾಸ ಒಂದೆರಡು ಡಿಗ್ರಿ ಬಂದರೆ ರೋಧಕಗಳ ಶೇ. 5ರ ಸಹ್ಯತೆಯಿಂದ ಎಷ್ಟು ಬಂತು, ಥರ್ಮಿಸ್ಟರ್‌ನಿಂದ ಎಷ್ಟು ಎಂದು ಬೇರ್ಪಡಿಸಿ ನೋಡುವುದನ್ನು ಓದುಗರಿಗೇ ಬಿಡುತ್ತೇನೆ.